ಕ್ಯಾಲೆಂಡರಿನ ಒಂದು ಚೌಕ

ಹಿರಿಯರಿಗೆ, ಅಕ್ಕ ತಂಗಿಯರಿಗೆ, ಮುಂದಿನ ಸಾಲಿನಲ್ಲಿ ಜಾಗಕ್ಕಾಗಿ ಇನ್ನೂ ತಳ್ಳಾಡುತ್ತಿರುವ ಮಕ್ಕಳಿಗೆ ನಮಸ್ಕಾರ.

ಗಣರಾಜ್ಯೋತ್ಸವದ ದಿನ ಬೆಳಗ್ಗೆಯಿಂದ ಸಾಕಷ್ಟು ಭಾಷಣ ಕೇಳಿದ್ದೀರಿ. ಸಂಜೆಗೆ ಮತ್ತೊಂದು ಬೇಡವಾಗಿತ್ತು. ಆದರೂ ಈ ದಿನವೇ ಆಗಬೇಕೆಂದು ಗ್ರಂಥಾಲಯದವರನ್ನು ಹಟ ಹಿಡಿದು ಕೇಳಿದವನು ನಾನೇ. ಕಾರಣ ಹೊರಗೆ ನೆತ್ತಿಯ ಮೇಲೆ ನಿಂತಿದ್ದಾನೆ. ಅವನ ಬಳಿಗೆ ಕೊನೆಯಲ್ಲಿ ಹೋಗೋಣ.

ಭೂಮಿ, ಚಂದ್ರ, ಸೂರ್ಯರಿಗೆ ಸಂಬಂಧಿಸಿದ ಮೂಲ ಪದಗಳನ್ನು ವಿವರಿಸಬೇಕು ಎಂಬುದು ನನಗೆ ಕೊಟ್ಟ ಕೆಲಸ. ಪದಕೋಶ ತರಲಿಲ್ಲ. ನನ್ನ ಹಿಂದಿನ ಗೋಡೆಯ ಮೇಲೆ ಮೊಳೆಗೆ ತೂಗುಹಾಕಿದ ಕ್ಯಾಲೆಂಡರ್ ಇದೆಯಲ್ಲ, ಅದೇ ಸಾಕು. ಇಂದಿನ ಚೌಕವನ್ನು ಓದುತ್ತೇನೆ. 2026ರ ಜನವರಿ, ಕೆಂಪಕ್ಷರದಲ್ಲಿ 26. ಕೆಳಗೆ ಸಣ್ಣಕ್ಷರದಲ್ಲಿ: ಮಾಘ, ಶುದ್ಧ ಅಷ್ಟಮಿ, ಅಶ್ವಿನಿ, ಮಧ್ಯಾಹ್ನದ ಮೇಲೆ ಭರಣಿ. ಅಂಚಿನಲ್ಲಿ ಉತ್ತರಾಯಣ. ಮೂಲೆಯಲ್ಲಿ ಸೂರ್ಯೋದಯ, ಸೂರ್ಯಾಸ್ತ, ರಾಹುಕಾಲ. ಒಂದು ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಎಷ್ಟೊಂದು ಆಕಾಶ ತುಂಬಿದ್ದಾರೆ ನೋಡಿ. ಇದರಲ್ಲಿ ಹೆಚ್ಚಿನವು ಅಳತೆಗಳು. ಸಾವಿರಾರು ವರ್ಷಗಳ ಹಿಂದೆ ಯಾರೋ ಬಯಲಿನಲ್ಲಿ ನಿಂತು ಅಳೆದು ಇಟ್ಟ ಹೆಸರುಗಳು. ಕೆಲವು ಇಂದಿಗೂ ಕರಾರುವಾಕ್ಕಾಗಿವೆ, ಒಂದೆರಡು ಮಾತ್ರ ತಮ್ಮ ಜಾಗದಿಂದ ಜಾರಿವೆ. ಯಾವುದು ನಿಂತಿದೆ, ಯಾವುದು ಜಾರಿದೆ ಎಂಬುದೇ ಇಂದಿನ ಮಾತು.

ರಾಹುಕಾಲವನ್ನು ಮೊದಲೇ ಪಕ್ಕಕ್ಕೆ ಇಟ್ಟುಬಿಡುತ್ತೇನೆ. ಹಗಲನ್ನು ಎಂಟು ಪಾಲು ಮಾಡಿ, ವಾರಕ್ಕೊಂದು ಪಾಲನ್ನು ಹಂಚಿದ್ದಾರೆ, ಅಷ್ಟೇ. ಸೋಮವಾರ ಬೆಳಗ್ಗೆ ಏಳೂವರೆಯಿಂದ ಒಂಬತ್ತು. ಆಕಾಶದಲ್ಲಿ ಆ ಹೊತ್ತಿಗೆ ಏನೂ ನಡೆಯುವುದಿಲ್ಲ. ರಾಹುವಿನ ನಿಜವಾದ ಕಥೆ ಬೇರೆಯೇ ಇದೆ, ಅದು ಸ್ವಾರಸ್ಯದ್ದು, ಆಮೇಲೆ ಬರುತ್ತದೆ.

ಪದಗಳಿಗೆ ಹೋಗುವ ಮುನ್ನ ಗಾತ್ರದ ಲೆಕ್ಕವೊಂದನ್ನು ಸರಿಮಾಡಿಕೊಳ್ಳಬೇಕು. ಪಠ್ಯಪುಸ್ತಕದ ಚಿತ್ರದಲ್ಲಿ ಸೂರ್ಯ, ಭೂಮಿ, ಚಂದ್ರ ಮೂವರೂ ಒಂದೇ ಬೆಂಚಿನಲ್ಲಿ ಕುಳಿತ ಹುಡುಗರಂತೆ ಪಕ್ಕಪಕ್ಕದಲ್ಲಿ ಇರುತ್ತಾರೆ. ಪುಟದ ಅಗಲ ಅಷ್ಟೇ ಇರುವುದರಿಂದ ಬೇರೆ ದಾರಿಯಿಲ್ಲ. ಆದರೆ ಆ ಚಿತ್ರ ತಲೆಯಲ್ಲಿ ಕುಳಿತರೆ ಮುಂದಿನದೆಲ್ಲ ತಪ್ಪುತ್ತದೆ. ನಾನು ಒಂದು ನಿಂಬೆಹಣ್ಣು, ರಾತ್ರಿ ನೆನೆಹಾಕಿದ ಒಂದು ಕಾಬೂಲಿ ಕಡಲೆ ತಂದಿದ್ದೇನೆ. ಉಳಿದ ಕಡಲೆ ಮನೆಯಲ್ಲಿ ಪಲ್ಯವಾಗಿದೆ. ನಿಂಬೆಹಣ್ಣು ಭೂಮಿ, ನಿಜವಾದ ವ್ಯಾಸ 12,742 ಕಿಲೋಮೀಟರ್. ಕಡಲೆ ಚಂದ್ರ, ವ್ಯಾಸ 3,474 ಕಿಲೋಮೀಟರ್. ಈಗ ಹೇಳಿ, ಕಡಲೆಯನ್ನು ನಿಂಬೆಯಿಂದ ಎಷ್ಟು ದೂರ ಹಿಡಿಯಲಿ?

ಒಂದು ಗೇಣು ಎಂದಿರಿ. ಎಲ್ಲ ಊರಿನಲ್ಲೂ ಇದೇ ಉತ್ತರ ಬರುತ್ತದೆ. ಸರಿಯಾದದ್ದು ಮೂರು ಮೊಳ. ಹೂವಾಡಗಿತ್ತಿ ಮೊಳ ಹಾಕುತ್ತಾಳಲ್ಲ, ಹಾಗೆ ಮೂರು ಸಲ. ನಿಂಬೆಹಣ್ಣನ್ನು ಮೂವತ್ತು ಬಾರಿ ಸಾಲಾಗಿ ಇಟ್ಟಷ್ಟು ದೂರ. ನಿಜದಲ್ಲಿ ಸರಾಸರಿ 3,84,400 ಕಿಲೋಮೀಟರ್. ಮತ್ತು ಸೂರ್ಯ? ಇದೇ ಅಳತೆಯಲ್ಲಿ ಸೂರ್ಯನ ಅಡ್ಡಗಲ ಹೆಚ್ಚುಕಡಿಮೆ ಐದು ಮೀಟರ್, ಈ ಸಭಾಂಗಣದ ಬಾಗಿಲಲ್ಲಿ ಒಳಗೆ ಬರಲಾರ. ಅವನನ್ನು ಇಡಬೇಕಾದ ಜಾಗ ಇಲ್ಲಿಂದ ಅರ್ಧ ಕಿಲೋಮೀಟರ್ ಆಚೆ. ನಿಜವಾದ ದೂರ ಸರಾಸರಿ 14 ಕೋಟಿ 96 ಲಕ್ಷ ಕಿಲೋಮೀಟರ್. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬರಲು ಎಂಟು ನಿಮಿಷ ಹತ್ತೊಂಬತ್ತು ಸೆಕೆಂಡ್ ಬೇಕು. ಚಂದ್ರನಿಂದಾದರೆ ಒಂದೂಕಾಲು ಸೆಕೆಂಡ್ ಮಾತ್ರ.

ಒಂದು ಆಕಸ್ಮಿಕವನ್ನು ಗಮನಿಸಿ. ಸೂರ್ಯ ಚಂದ್ರನಿಗಿಂತ ಸುಮಾರು ನಾನೂರು ಪಟ್ಟು ದೊಡ್ಡವನು, ಸುಮಾರು ನಾನೂರು ಪಟ್ಟು ದೂರದವನು. ಆದ್ದರಿಂದ ನಮ್ಮ ಕಣ್ಣಿಗೆ ಇಬ್ಬರೂ ಒಂದೇ ಅಳತೆಯ ತಟ್ಟೆಗಳು: ಅರ್ಧ ಡಿಗ್ರಿ. ಕೈಯನ್ನು ಚಾಚಿ ಕಿರುಬೆರಳು ಎತ್ತಿದರೆ ಒಂದು ಡಿಗ್ರಿ, ಅಂದರೆ ಹುಣ್ಣಿಮೆಯ ಚಂದ್ರ ನಿಮ್ಮ ಕಿರುಬೆರಳಿನ ಹಿಂದೆ ಆರಾಮವಾಗಿ ಅಡಗುತ್ತಾನೆ. ನಂಬದವರು ಇಂದೇ ಪರೀಕ್ಷಿಸಬಹುದು.

ಇನ್ನು ಚೌಕಕ್ಕೆ ಬರೋಣ. ಸೂರ್ಯೋದಯ. ಸೂರ್ಯ ಏಳುವುದೂ ಇಲ್ಲ, ಮುಳುಗುವುದೂ ಇಲ್ಲ, ತಿರುಗುತ್ತಿರುವವರು ನಾವು ಎಂದು ಮೂರನೆಯ ತರಗತಿಯ ಹುಡುಗಿಗೂ ಗೊತ್ತು. ಕ್ರಿಸ್ತಶಕ 499ರಲ್ಲಿ ಆರ್ಯಭಟ ಇದನ್ನೇ ದೋಣಿಯ ಹೋಲಿಕೆಯಿಂದ ಹೇಳಿದ: ಮುಂದೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡ ಹಿಂದಕ್ಕೆ ಓಡುವಂತೆ ಕಾಣುತ್ತದೆ, ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುವುದೂ ಹಾಗೆಯೇ. ಈ ತಿರುಗುವಿಕೆಗೆ ಅಕ್ಷಭ್ರಮಣ ಎನ್ನುತ್ತೇವೆ. ನೀವು ಈ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದೀರಿ ಎಂದುಕೊಂಡಿದ್ದೀರಿ, ಆದರೆ ಗಂಟೆಗೆ 1,600 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಪೂರ್ವಕ್ಕೆ ಹೋಗುತ್ತಿದ್ದೀರಿ.

ಒಂದು ಸುತ್ತಿಗೆ ಎಷ್ಟು ಹೊತ್ತು? ಇಪ್ಪತ್ತನಾಲ್ಕು ಗಂಟೆ ಎಂದರೆ ಅಂಕ ಕೊಡುತ್ತಾರೆ, ಆದರೆ ಅದು ಪೂರ್ತಿ ಸರಿಯಲ್ಲ. ನಕ್ಷತ್ರಗಳನ್ನು ಗುರುತಾಗಿ ಇಟ್ಟುಕೊಂಡರೆ ಭೂಮಿ 23 ಗಂಟೆ 56 ನಿಮಿಷ 4 ಸೆಕೆಂಡಿಗೆ ಒಂದು ಸುತ್ತು ಮುಗಿಸುತ್ತದೆ. ಅಷ್ಟರಲ್ಲಿ ಅದು ಸೂರ್ಯನ ಸುತ್ತಲಿನ ದಾರಿಯಲ್ಲೂ ಸುಮಾರು ಒಂದು ಡಿಗ್ರಿ ಮುಂದೆ ಹೋಗಿರುತ್ತದೆ. ಸೂರ್ಯನನ್ನು ಮತ್ತೆ ಎದುರಿಗೆ ತಂದುಕೊಳ್ಳಲು ಇನ್ನೂ ನಾಲ್ಕು ನಿಮಿಷ ತಿರುಗಬೇಕು. ಆ ನಾಲ್ಕು ನಿಮಿಷವನ್ನು ಮರೆಯಬೇಡಿ. ಇಂದು ರಾತ್ರಿ ಎಂಟಕ್ಕೆ ಹುಟ್ಟುವ ನಕ್ಷತ್ರ ನಾಳೆ ಎಂಟಕ್ಕೆ ನಾಲ್ಕು ನಿಮಿಷ ಮೊದಲು, ಮುಂದಿನ ತಿಂಗಳು ಆರಕ್ಕೇ ಹುಟ್ಟುವುದು ಇದರಿಂದಲೇ. ವರ್ಷದುದ್ದಕ್ಕೂ ರಾತ್ರಿಯಾಕಾಶ ಬದಲಾಗುವ ಗುಟ್ಟೂ ಇದೇ.

ಮಂಗಳೂರಿನ ಗೆಳೆಯರೊಬ್ಬರು ನಿಮ್ಮ ಬೆಂಗಳೂರಿನ ಕ್ಯಾಲೆಂಡರಿನ ಸೂರ್ಯೋದಯ ನಮ್ಮಲ್ಲಿ ಯಾವಾಗಲೂ ತಪ್ಪು ಎಂದು ಗೊಣಗುತ್ತಾರೆ. ಸರಿಯಾದ ಗೊಣಗು. ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಆದರೆ ಮಂಗಳೂರು ಪಶ್ಚಿಮಕ್ಕಿದೆ. ಅಲ್ಲಿ ಸೂರ್ಯ ಹನ್ನೊಂದು ನಿಮಿಷ ತಡ. ಗಡಿಯಾರ ಮಾತ್ರ ಒಂದೇ, ಏಕೆಂದರೆ ದೇಶಕ್ಕೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ಒಪ್ಪಿಕೊಂಡಿದ್ದೇವೆ.

ಈಗ ಅಷ್ಟಮಿ. ನನಗೆ ಪ್ರಿಯವಾದ ಪದ ತಿಥಿ, ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ತಿಥಿ ದಿನವಲ್ಲ, ಕೋನ. ನಮ್ಮ ಕಣ್ಣಿನಿಂದ ಸೂರ್ಯನ ಕಡೆಗೆ ಒಂದು ಗೆರೆ, ಚಂದ್ರನ ಕಡೆಗೆ ಒಂದು ಗೆರೆ ಎಳೆಯಿರಿ. ಎರಡರ ನಡುವಿನ ಕೋನ ಸೊನ್ನೆಯಾದಾಗ ಅಮಾವಾಸ್ಯೆ ಮುಗಿಯುತ್ತದೆ. ಆ ಪದದ ಅರ್ಥವೂ ಅದೇ: ‘ಅಮಾ’ ಎಂದರೆ ಜೊತೆಗೆ, ‘ವಸ್’ ಎಂದರೆ ವಾಸಿಸು. ಸೂರ್ಯ, ಚಂದ್ರ ಒಂದೇ ಮನೆಯಲ್ಲಿರುವ ದಿನ. ಅಲ್ಲಿಂದ ಚಂದ್ರ ಪೂರ್ವಕ್ಕೆ ಸರಿಯುತ್ತಾನೆ. ಹನ್ನೆರಡು ಡಿಗ್ರಿ ಸರಿದರೆ ಪಾಡ್ಯ ಮುಗಿಯಿತು, ಇಪ್ಪತ್ತನಾಲ್ಕಕ್ಕೆ ಬಿದಿಗೆ, ಮೂವತ್ತಾರಕ್ಕೆ ತದಿಗೆ, ಆಮೇಲೆ ಚೌತಿ. ನೂರ ಎಂಬತ್ತು ಡಿಗ್ರಿ ಆದಾಗ ಹುಣ್ಣಿಮೆ: ಸೂರ್ಯ ಪಶ್ಚಿಮದಲ್ಲಿ ಇಳಿಯುವಾಗ ಚಂದ್ರ ಪೂರ್ವದಲ್ಲಿ ಏಳುತ್ತಾನೆ. ಮೂವತ್ತು ತಿಥಿಗಳಿಗೆ ಮುನ್ನೂರ ಅರವತ್ತು ಡಿಗ್ರಿ. ಉಪಕರಣವೇನೂ ಇಲ್ಲದ ಕಾಲದಲ್ಲಿ ಕೋನವನ್ನೇ ತಾರೀಖನ್ನಾಗಿ ಮಾಡಿಕೊಂಡವರ ಜಾಣತನಕ್ಕೆ ನಾನು ಇಂದಿಗೂ ತಲೆದೂಗುತ್ತೇನೆ.

ಇದರಿಂದ ಮನೆಯಲ್ಲೇ ಮಾಡಬಹುದಾದ ಒಂದು ಲೆಕ್ಕ ಹೇಳುತ್ತೇನೆ. ತಿಥಿಗೆ ಎರಡು ಘಳಿಗೆ. ಒಂದು ಘಳಿಗೆ ಇಪ್ಪತ್ತನಾಲ್ಕು ನಿಮಿಷ, ಎರಡು ಘಳಿಗೆ ನಲವತ್ತೆಂಟು. ಶುಕ್ಲಪಕ್ಷದಲ್ಲಿ ಸೂರ್ಯ ಮುಳುಗಿದ ಮೇಲೆ ತಿಥಿಗೆರಡು ಘಳಿಗೆಯಂತೆ ಎಣಿಸಿದರೆ ಚಂದ್ರ ಮುಳುಗುವ ಹೊತ್ತು ಸಿಗುತ್ತದೆ. ಗಣೇಶನ ಚೌತಿಯ ದಿನ ನಾಲ್ಕು ತಿಥಿ, ಎಂಟು ಘಳಿಗೆ, ಮೂರು ಗಂಟೆ ಹನ್ನೆರಡು ನಿಮಿಷ. ಅಂದರೆ ಅಪವಾದಕ್ಕೆ ಹೆದರುವವರು ಒಂಬತ್ತೂವರೆ ದಾಟಿದ ಮೇಲೆ ಧೈರ್ಯವಾಗಿ ಹೊರಗೆ ಬರಬಹುದು. ಕೃಷ್ಣಪಕ್ಷದಲ್ಲಿ ಅದೇ ಲೆಕ್ಕ ಚಂದ್ರ ಹುಟ್ಟುವ ಹೊತ್ತನ್ನು ಕೊಡುತ್ತದೆ. ಸಂಕಷ್ಟಿಯ ಉಪವಾಸ ಮಾಡಿದವರು ಮಹಡಿಯ ಮೇಲೆ ಒಂಬತ್ತರ ಸುಮಾರಿಗೆ ಕಾಯುತ್ತಾರಲ್ಲ, ಅದೇ ಬಹುಳ ಚೌತಿಯ ಎಂಟು ಘಳಿಗೆ. ಕೃಷ್ಣಾಷ್ಟಮಿಗೆ ಹದಿನಾರು ಘಳಿಗೆ, ನಡುರಾತ್ರಿ. ಕೃಷ್ಣ ಹುಟ್ಟುವಾಗ ಚಂದ್ರನೂ ಹುಟ್ಟುತ್ತಿರುತ್ತಾನೆ. ಹತ್ತಿಪ್ಪತ್ತು ನಿಮಿಷ, ಒಮ್ಮೊಮ್ಮೆ ಅದಕ್ಕೂ ಹೆಚ್ಚು, ಆಚೀಚೆ ಆಗುತ್ತದೆ. ಅದಕ್ಕಾಗಿ ನನ್ನ ಮೇಲೆ ದೂರು ಕೊಡಬೇಡಿ.

ಆಚೀಚೆ ಆಗುವುದು ಏಕೆಂದರೆ ಚಂದ್ರನ ದಾರಿ ಪೂರ್ತಿ ವೃತ್ತವಲ್ಲ, ಒಂದಿಷ್ಟು ಮೊಟ್ಟೆಯಾಕಾರ. ನಮಗೆ ಹತ್ತಿರ ಬಂದಾಗ ಸುಮಾರು 3,63,000 ಕಿಲೋಮೀಟರ್, ದೂರ ಹೋದಾಗ ಸುಮಾರು 4,05,000. ಹತ್ತಿರವಿದ್ದಾಗ ಬೇಗ ಓಡುತ್ತಾನೆ, ಹನ್ನೆರಡು ಡಿಗ್ರಿಯನ್ನು ಹತ್ತೊಂಬತ್ತು ಗಂಟೆ ಚಿಲ್ಲರೆಯಲ್ಲಿ ಮುಗಿಸುತ್ತಾನೆ. ದೂರವಿದ್ದಾಗ ಇಪ್ಪತ್ತಾರು ಗಂಟೆಯವರೆಗೂ ಎಳೆಯುತ್ತಾನೆ. ಎರಡು ಸೂರ್ಯೋದಯಗಳ ನಡುವೆಯೇ ಹುಟ್ಟಿ ಮುಗಿದುಹೋದ ತಿಥಿಗೆ ಕ್ಯಾಲೆಂಡರಿನಲ್ಲಿ ಚೌಕವೇ ಸಿಗುವುದಿಲ್ಲ, ಅದನ್ನು ಕ್ಷಯ ಎನ್ನುತ್ತಾರೆ. ಎರಡು ಸೂರ್ಯೋದಯಗಳನ್ನು ಕಂಡ ತಿಥಿಗೆ ಎರಡು ಚೌಕ. ಹಬ್ಬ ಇಂದೋ ನಾಳೆಯೋ ಎಂದು ಬಂಧುಗಳಲ್ಲಿ ನಡೆಯುವ ಜಗಳಗಳಲ್ಲಿ ಬಹುಪಾಲಿಗೆ ಕಾರಣ ಚಂದ್ರನ ಈ ವೇಗ.

ಒಂದು ತಪ್ಪು ತಿಳಿವಳಿಕೆ ಮಾತ್ರ ಗಟ್ಟಿಯಾಗಿ ಬೇರೂರಿದೆ. ಚಂದ್ರ ಕ್ಷೀಣಿಸುವುದು ಭೂಮಿಯ ನೆರಳು ಬೀಳುವುದರಿಂದ ಎಂದು ಪದವೀಧರರೂ ಹೇಳುವುದನ್ನು ಕೇಳಿದ್ದೇನೆ. ಈ ಕಡಲೆಯನ್ನು ನೋಡಿ. ದೀಪದ ಕಡೆಗಿನ ಅರ್ಧ ಸದಾ ಬೆಳಗಿರುತ್ತದೆ. ಹಾಗೆಯೇ ಚಂದ್ರನ ಅರ್ಧವೂ ಸದಾ ಬೆಳಗಿರುತ್ತದೆ, ಅದರಲ್ಲಿ ನಮಗೆ ಎಷ್ಟು ಕಾಣುತ್ತದೆ ಎಂಬುದು ನಾವು ಯಾವ ಕೋನದಿಂದ ನೋಡುತ್ತೇವೆ ಎಂಬುದರ ಮೇಲೆ ನಿಂತಿದೆ. ಭೂಮಿಯ ನೆರಳು ಅವನ ಮೇಲೆ ಬೀಳುವುದು ಚಂದ್ರಗ್ರಹಣದಲ್ಲಿ ಮಾತ್ರ.

ಕನ್ನಡದಲ್ಲಿ ತಿಂಗಳು ಎಂದರೆ ಚಂದ್ರನೂ ಹೌದು, ಮಾಸವೂ ಹೌದು. ಆದರೆ ಯಾವ ತಿಂಗಳು? ನಕ್ಷತ್ರದಿಂದ ಹೊರಟು ಅದೇ ನಕ್ಷತ್ರಕ್ಕೆ ಬರಲು ಚಂದ್ರನಿಗೆ 27.3 ದಿನ ಸಾಕು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29.5 ದಿನ ಬೇಕು, ಏಕೆಂದರೆ ಅಷ್ಟರಲ್ಲಿ ಸೂರ್ಯನೂ ಮುಂದೆ ಸರಿದಿರುತ್ತಾನೆ. ಹನ್ನೆರಡು ಗಂಟೆಗೆ ಒಂದಾದ ಗಡಿಯಾರದ ಮುಳ್ಳುಗಳು ಮತ್ತೆ ಒಂದಾಗಲು ಒಂದು ಗಂಟೆ ದಾಟಿ ಐದು ನಿಮಿಷ ಬೇಕಾಗುವ ಹಾಗೆ. ತನ್ನ ಸುತ್ತ ತಿರುಗಲೂ ಚಂದ್ರ ತೆಗೆದುಕೊಳ್ಳುವುದು ಆ 27.3 ದಿನವನ್ನೇ, ಹೀಗಾಗಿ ನಮಗೆ ಒಂದೇ ಮುಖ ತೋರಿಸುತ್ತಾನೆ.

ನಕ್ಷತ್ರ ಎಂದೆನಲ್ಲ, ಚೌಕದ ಮುಂದಿನ ಪದ ಅದೇ. ಚಂದ್ರನ ದಾರಿಯನ್ನು ಇಪ್ಪತ್ತೇಳು ಪಾಲು ಮಾಡಿ ಪ್ರತಿ ಪಾಲಿಗೂ ಒಂದು ಹೆಸರಿಟ್ಟಿದ್ದಾರೆ, ಒಂದೊಂದು ಪಾಲು 13 ಡಿಗ್ರಿ 20 ಕಲೆ (ಡಿಗ್ರಿಗೆ ಅರವತ್ತು ಕಲೆ). ಚಂದ್ರ ದಿನಕ್ಕೊಂದು ಪಾಲು ದಾಟುತ್ತಾನೆ. ಇಂದು ಸಂಜೆ ಭರಣಿಯಲ್ಲಿದ್ದಾನೆ.

ಇಲ್ಲಿ ಕುಳಿತಿರುವ ರೈತರಿಗೆ ಭರಣಿ ಎಂದರೆ ಬೇರೆಯೇ ನೆನಪು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ. ನಾನು ರಾಯಚೂರು ಸೀಮೆಯವನು. ನಮ್ಮ ಕಡೆ ಬಿತ್ತನೆಯ ಮಾತೆಲ್ಲ ಮಿರಗ, ಆರಿದ್ರಾ ಎಂದೇ ನಡೆಯುತ್ತದೆ. ಜೂನ್ ಎರಡನೆಯ ವಾರ ಎಂದು ಯಾರೂ ಹೇಳುವುದಿಲ್ಲ. ಚಿಕ್ಕಂದಿನಲ್ಲಿ ನನಗೊಂದು ಗೊಂದಲವಿತ್ತು. ನನ್ನ ಜನ್ಮನಕ್ಷತ್ರ ಪ್ರತಿ ತಿಂಗಳೂ ಬರುತ್ತದೆ, ಒಂದೇ ದಿನ ಇರುತ್ತದೆ. ಮಳೆಯ ನಕ್ಷತ್ರ ವರ್ಷಕ್ಕೊಮ್ಮೆ ಬಂದು ಹದಿಮೂರು ಹದಿನಾಲ್ಕು ದಿನ ಇರುತ್ತದೆ. ಹೆಸರುಗಳು ಮಾತ್ರ ಒಂದೇ. ಮನೆಯಲ್ಲಿ ಕೇಳಿದರೆ ಅದು ಬೇರೆ, ಇದು ಬೇರೆ ಎಂದರು. ಬೇರೆ ಹೇಗೆ ಎಂದು ಯಾರೂ ಹೇಳಲಿಲ್ಲ.

ಸಂಗತಿ ಸರಳ. ಹುಟ್ಟಿದ ನಕ್ಷತ್ರ ಚಂದ್ರನದು, ಮಳೆಯ ನಕ್ಷತ್ರ ಸೂರ್ಯನದು. ಅದೇ ಇಪ್ಪತ್ತೇಳು ಪಾಲುಗಳ ಮೇಲೆ ಸೂರ್ಯನೂ ನಡೆಯುತ್ತಾನೆ, ಆದರೆ ದಿನಕ್ಕೆ ಒಂದೇ ಡಿಗ್ರಿ. ಒಂದು ಪಾಲು ದಾಟಲು ಹದಿಮೂರೂವರೆ ದಿನ, ಇಪ್ಪತ್ತೇಳನ್ನೂ ದಾಟಲು ವರ್ಷ. ಇಂದು ಚಂದ್ರ ನಿಂತಿರುವ ಜಾಗಕ್ಕೆ ಏಪ್ರಿಲ್ ಕೊನೆಯ ವಾರ ಸೂರ್ಯ ಬಂದು ನಿಲ್ಲುತ್ತಾನೆ. ಆಗ ಬಿದ್ದದ್ದು ಭರಣಿ ಮಳೆ. ಇದರಲ್ಲೊಂದು ತಮಾಷೆಯಿದೆ: ಯಾವ ನಕ್ಷತ್ರದ ಹೆಸರಲ್ಲಿ ಮಳೆ ಬೀಳುತ್ತದೆಯೋ ಆ ನಕ್ಷತ್ರ ಆ ದಿನಗಳಲ್ಲಿ ಕಾಣುವುದಿಲ್ಲ. ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಅದು ಸೂರ್ಯನ ಜೊತೆಯಲ್ಲೇ ಹುಟ್ಟಿ ಸೂರ್ಯನ ಜೊತೆಯಲ್ಲೇ ಮುಳುಗುತ್ತದೆ. ಕಾಣದ ನಕ್ಷತ್ರವನ್ನು ಲೆಕ್ಕದಿಂದ ಹಿಡಿದು, ಅದಕ್ಕೊಂದು ಗಾದೆ ಕಟ್ಟಿ, ಅಕ್ಷರ ಬಾರದವರ ನಾಲಗೆಯ ಮೇಲೂ ಉಳಿಸಿದ್ದಾರೆ.

ಮಾಘ ಎಂಬ ಹೆಸರೂ ಇದೇ ಲೆಕ್ಕದ್ದು. ಹುಣ್ಣಿಮೆಯ ಚಂದ್ರ ಮಘಾ ನಕ್ಷತ್ರದ ಬಳಿ ಬರುವ ತಿಂಗಳು ಮಾಘ. ಚಿತ್ರಾದ ಬಳಿ ಬಂದರೆ ಚೈತ್ರ, ಕೃತ್ತಿಕೆಯ ಬಳಿ ಬಂದರೆ ಕಾರ್ತಿಕ. ಇಂಥ ಹನ್ನೆರಡು ತಿಂಗಳು ಸೇರಿದರೆ 354 ದಿನ. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಹಾಗೇ ಬಿಟ್ಟರೆ ಯುಗಾದಿ ಕ್ರಮೇಣ ಚಳಿಗಾಲಕ್ಕೆ, ಆಮೇಲೆ ಮಳೆಗಾಲಕ್ಕೆ ಹೋಗುತ್ತದೆ. ಅದನ್ನು ತಡೆಯಲು ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಒಂದು ತಿಂಗಳನ್ನು ಸೇರಿಸುತ್ತಾರೆ: ಯಾವ ಚಾಂದ್ರಮಾಸದಲ್ಲಿ ಸೂರ್ಯ ಒಂದು ರಾಶಿಯಿಂದ ಮತ್ತೊಂದಕ್ಕೆ ದಾಟುವುದೇ ಇಲ್ಲವೋ ಅದು ಅಧಿಕಮಾಸ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಈ ವರ್ಷ ಮೇ ತಿಂಗಳಲ್ಲಿ ಅಧಿಕ ಜ್ಯೇಷ್ಠ ಶುರುವಾಗುತ್ತದೆ. ಅಳಿಯಂದಿರು ಸಿದ್ಧರಾಗಬಹುದು.

ಇಲ್ಲಿಯವರೆಗೆ ಓದಿದ ಪದಗಳೆಲ್ಲ ತಮ್ಮ ಜಾಗದಲ್ಲಿ ಗಟ್ಟಿಯಾಗಿ ನಿಂತಿವೆ. ಜಾರಿದ್ದು ಅಂಚಿನಲ್ಲಿರುವ ಉತ್ತರಾಯಣ.

ಮೊದಲು ಋತುಗಳ ವಿಷಯ. ಬೇಸಗೆಯಲ್ಲಿ ಸೂರ್ಯ ಹತ್ತಿರ ಬರುತ್ತಾನೆ ಎಂಬ ನಂಬಿಕೆ ಇದೆ. ನಿಜವಾಗಿ ನಾವು ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರ, ಕಂಬಳಿ ಹೊದ್ದುಕೊಂಡಿರುವಾಗ. ಆಗ ದೂರ 14 ಕೋಟಿ 71 ಲಕ್ಷ ಕಿಲೋಮೀಟರ್. ಅತಿ ದೂರ ಜುಲೈ ಮೊದಲ ವಾರ, 15 ಕೋಟಿ 21 ಲಕ್ಷ. ಋತುಗಳನ್ನು ಮಾಡುವುದು ಭೂಮಿಯ ಓರೆ. ಅದರ ಅಕ್ಷ 23.4 ಡಿಗ್ರಿ ವಾಲಿದೆ, ವಾಲಿದ ದಿಕ್ಕು ವರ್ಷವಿಡೀ ಬದಲಾಗುವುದಿಲ್ಲ. ಅದರಿಂದ ಸೂರ್ಯ ಹುಟ್ಟುವ ಜಾಗ ಪೂರ್ವ ದಿಗಂತದಲ್ಲಿ ಆರು ತಿಂಗಳು ಉತ್ತರಕ್ಕೆ, ಆರು ತಿಂಗಳು ದಕ್ಷಿಣಕ್ಕೆ ಸರಿಯುತ್ತದೆ. ಅಯನ ಎಂದರೆ ಈ ನಡಿಗೆ. ನಿಮ್ಮ ಮನೆಯ ಪೂರ್ವದ ಕಿಟಕಿಯಿಂದ ಒಂದು ತೆಂಗಿನಮರವನ್ನೋ ಮೊಬೈಲ್ ಗೋಪುರವನ್ನೋ ಗುರುತಿಟ್ಟುಕೊಂಡು ನೋಡಿದರೆ ಎರಡೇ ವಾರದಲ್ಲಿ ತಿಳಿಯುತ್ತದೆ.

ನಡಿಗೆಯ ಜೊತೆ ನೆರಳೂ ಬದಲಾಗುತ್ತದೆ. ಕರ್ನಾಟಕವೆಲ್ಲ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕೆ ಇರುವುದರಿಂದ ನಮ್ಮ ಪ್ರತಿ ಊರಿನ ನೆತ್ತಿಯ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ನೇರವಾಗಿ ನಿಲ್ಲುತ್ತಾನೆ. ದೆಹಲಿಯವರಿಗೆ ಈ ಭಾಗ್ಯವಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು. ಆ ದಿನ ಏಪ್ರಿಲಿನಲ್ಲಾದರೆ ಹನ್ನೆರಡು ಗಂಟೆ ಹದಿನೇಳು ನಿಮಿಷದ ಸುಮಾರಿಗೆ ಒಂದು ಲೋಟವನ್ನು ಬಿಸಿಲಿನಲ್ಲಿ ನಿಲ್ಲಿಸಿ. ನೆರಳು ಪೂರ್ತಿ ಅದರ ಬುಡದೊಳಗೆ ಸೇರಿರುತ್ತದೆ. ಶೂನ್ಯ ನೆರಳಿನ ದಿನ ಎಂದು ಈಗ ಶಾಲೆಗಳಲ್ಲಿ ಆಚರಿಸುತ್ತಿದ್ದಾರೆ, ಒಳ್ಳೆಯ ಹಬ್ಬ.

ಸೂರ್ಯ ದಕ್ಷಿಣದ ತುದಿ ಮುಟ್ಟಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಅದೇ ನಿಜವಾದ ಉತ್ತರಾಯಣದ ಆರಂಭ. ನಾವು ಆಚರಿಸುವುದು ಜನವರಿ 14 ಅಥವಾ 15ರಂದು, ಮಕರ ಸಂಕ್ರಾಂತಿಯ ಜೊತೆ. ಮೂರು ವಾರಕ್ಕೂ ಹೆಚ್ಚು ತಡ. ಯಾರೂ ತಪ್ಪು ಲೆಕ್ಕ ಹಾಕಲಿಲ್ಲ. ತಿರುಗುತ್ತಿರುವ ಬುಗುರಿ ವೇಗ ಕಳೆದುಕೊಳ್ಳುವಾಗ ತಲೆ ಸುತ್ತು ಹಾಕುವುದನ್ನು ನೋಡಿದ್ದೀರಿ. ಭೂಮಿಯ ಅಕ್ಷವೂ ಹಾಗೇ ನಿಧಾನವಾಗಿ ತಲೆ ತಿರುಗಿಸುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಇದರಿಂದ ನಕ್ಷತ್ರಗಳ ಲೆಕ್ಕವೂ ಋತುಗಳ ಲೆಕ್ಕವೂ 72 ವರ್ಷಕ್ಕೆ ಒಂದು ಡಿಗ್ರಿ, ಹೆಚ್ಚುಕಡಿಮೆ ಒಂದು ದಿನ, ಅಗಲುತ್ತವೆ. ಸುಮಾರು 1,700 ವರ್ಷಗಳ ಹಿಂದೆ ಸೂರ್ಯ ಮಕರ ರಾಶಿಗೆ ಬರುವುದೂ ಉತ್ತರಕ್ಕೆ ತಿರುಗುವುದೂ ಒಂದೇ ದಿನ ಆಗುತ್ತಿದ್ದವು. ಆಗ ಎರಡು ಹೆಸರುಗಳನ್ನು ಒಂದೇ ದಾರದಲ್ಲಿ ಪೋಣಿಸಿದರು. ಸಂಕ್ರಾಂತಿ ನಕ್ಷತ್ರಗಳ ಜೊತೆ ಉಳಿಯಿತು, ಅದರ ಲೆಕ್ಕ ಇಂದಿಗೂ ಸರಿ. ಉತ್ತರಾಯಣ ಋತುವಿನ ಪದ. ಅದನ್ನು ಬಿಚ್ಚಿ ಹಿಂದಕ್ಕೆ ಕಳಿಸುವುದನ್ನು ನಾವು ಮರೆತೆವು. ತುಳುನಾಡಿನ ಬಿಸು, ಅಂದರೆ ವಿಷು, ಇದೇ ಜಾರುಬಂಡೆಯ ಮೇಲಿದೆ. ವಿಷುವ ಎಂದರೆ ಹಗಲು ರಾತ್ರಿ ಸಮವಾಗುವ ದಿನ. ಅದು ಮಾರ್ಚ್ 20ಕ್ಕೋ 21ಕ್ಕೋ ಆಗಿಹೋಗಿರುತ್ತದೆ, ಹಬ್ಬ ಏಪ್ರಿಲ್ ನಡುವಿಗೆ ಬರುತ್ತದೆ.

ಎಳ್ಳು ಬೆಲ್ಲಕ್ಕೆ ನನ್ನ ತಕರಾರಿಲ್ಲ. ಆದರೆ ಮಕ್ಕಳಿಗೆ ಸಂಕ್ರಾಂತಿಯಿಂದ ಹಗಲು ಬೆಳೆಯಲು ಶುರುವಾಗುತ್ತದೆ ಎಂದು ಕಲಿಸುವುದನ್ನು ನಿಲ್ಲಿಸಬೇಕು. ಇದನ್ನು ಸರಿಪಡಿಸುವ ಪ್ರಯತ್ನ ನಡೆದಿತ್ತು. 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣೆಗೆ ಸಮಿತಿ ರಚನೆಯಾಯಿತು. ಅದರ ಫಲವಾಗಿ ವಿಷುವವನ್ನೇ ಆಧಾರವಾಗಿಟ್ಟುಕೊಂಡ ರಾಷ್ಟ್ರೀಯ ಪಂಚಾಂಗ 1957ರ ಮಾರ್ಚ್ 22ರಂದು ಜಾರಿಗೆ ಬಂತು. ಅದರ ಪ್ರಕಾರ ಇಂದು ಶಕ 1947, ಮಾಘ 6. ಈ ಸಭೆಯಲ್ಲಿ ಅದನ್ನು ನೋಡಿ ದಿನ ಎಣಿಸುವವರು ಕೈ ಎತ್ತಿ. ಯಾರೂ ಇಲ್ಲ. ನಾನೂ ಎತ್ತಲಿಲ್ಲ.

ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಾಲಯದಲ್ಲಿ ಸಂಕ್ರಾಂತಿಯ ಸಂಜೆ ಬಿಸಿಲಿನ ಕೋಲು ಕಿಟಕಿಯಿಂದ ಬಂದು, ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ಸೂರ್ಯ ಡಿಸೆಂಬರ್ 21ಕ್ಕೆ ತಿರುಗಿ, ಬಂದ ದಾರಿಯಲ್ಲೇ ಹಿಂತಿರುಗುತ್ತಾನೆ ಎಂದಾದರೆ ತಿರುಗುವ ಮುನ್ನವೂ ಅದೇ ಜಾಗದಲ್ಲಿ ಒಮ್ಮೆ ಇರಲೇಬೇಕಲ್ಲ? ಇರುತ್ತಾನೆ. ನವೆಂಬರ್ ಕೊನೆಯಲ್ಲೂ ಅದೇ ಬಿಸಿಲು ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಆಗ ಕ್ಯಾಮೆರಾಗಳ ಸಾಲು ಇರುವುದಿಲ್ಲ.

ಇನ್ನು ರಾಹು. ಚಂದ್ರ ನಮ್ಮನ್ನು ಸುತ್ತುವ ಸಮತಲ, ನಾವು ಸೂರ್ಯನನ್ನು ಸುತ್ತುವ ಸಮತಲಕ್ಕೆ ಐದು ಡಿಗ್ರಿ ಓರೆಯಾಗಿದೆ. ಐದು ಡಿಗ್ರಿ ಏನು ಮಹಾ ಎನ್ನಬೇಡಿ. ಮೂರು ಮೊಳ ಆಚೆ ಹಿಡಿದ ಕಡಲೆಯ ಮಟ್ಟಿಗೆ ಅದು ಹನ್ನೆರಡು ಸೆಂಟಿಮೀಟರ್ ಮೇಲೆ ಅಥವಾ ಕೆಳಗೆ. ನಿಂಬೆಹಣ್ಣಿನ ನೆರಳು ಅಷ್ಟು ದೂರದಲ್ಲಿ ಮೂರು ಸೆಂಟಿಮೀಟರ್ ಚಿಲ್ಲರೆ ಅಗಲ. ಹೀಗಾಗಿ ಬಹುತೇಕ ಹುಣ್ಣಿಮೆಗಳಲ್ಲಿ ಚಂದ್ರ ನೆರಳಿನ ಮೇಲಿನಿಂದಲೋ ಕೆಳಗಿನಿಂದಲೋ ನುಸುಳಿಕೊಂಡು ಹೋಗುತ್ತಾನೆ. ಎರಡು ದಾರಿಗಳೂ ಒಂದನ್ನೊಂದು ಕತ್ತರಿಸುವ ಎರಡು ಬಿಂದುಗಳಿವೆ, ಒಂದು ರಾಹು, ಇನ್ನೊಂದು ಕೇತು. ಹುಣ್ಣಿಮೆ ಅಥವಾ ಅಮಾವಾಸ್ಯೆ ಆ ಬಿಂದುಗಳ ಹತ್ತಿರ ಆದರೆ ಮಾತ್ರ ಗ್ರಹಣ. ಪುರಾಣದಲ್ಲಿ ರಾಹುವಿಗೆ ತಲೆಯಷ್ಟೇ ಇದೆ. ಗಣಿತದಲ್ಲಿ ಅದೂ ಇಲ್ಲ, ಬರೀ ಬಿಂದು. ಅದು ಹಿಂದಕ್ಕೆ ಜರುಗುತ್ತ 18.6 ವರ್ಷಕ್ಕೆ ಒಂದು ಸುತ್ತು ಹಾಕುತ್ತದೆ, ಜಾತಕದಲ್ಲಿ ರಾಹು ಕೇತುಗಳು ಸದಾ ವಕ್ರಿ ಎನ್ನುವುದು ಅದಕ್ಕೇ. ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ದೊಡ್ಡ ನೆರಳು ಎಂದು ಆರ್ಯಭಟ ಆಗಲೇ ಹೇಳಿ ಮುಗಿಸಿದ್ದ.

1980ರ ಫೆಬ್ರವರಿ 16, ಶನಿವಾರ. ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲಾದಲ್ಲಿ ದಡ ಹತ್ತಿ, ಹುಬ್ಬಳ್ಳಿ ದಾಟಿ, ನಮ್ಮ ರಾಯಚೂರಿನ ಮೇಲೆ ಹಾದುಹೋಯಿತು. ವಿಜ್ಞಾನಿಗಳು ಸಿಂಧನೂರು ರಸ್ತೆಯ ಜವಳಗೇರಾದಲ್ಲಿ ಬಿಡಾರ ಹೂಡಿದ್ದರು. ನಾನು ಒಂಬತ್ತು ವರ್ಷದವನು, ಅವರಿಗಿಂತ ಬಹಳ ದೂರವೇನೂ ಇರಲಿಲ್ಲ, ಆದರೆ ಮಾಳಿಗೆ ಮನೆಯೊಳಗೆ ಬಂದಿಯಾಗಿದ್ದೆ. ಅಜ್ಜಿ ಬಾಗಿಲಿಗೆ ಅಗಳಿ ಹಾಕಿ, ಉಪ್ಪಿನಕಾಯಿಯ ಭರಣಿಯ ಮೇಲೆ ದರ್ಭೆ ಇಟ್ಟು, ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡಿದ್ದಳು. ಬೆಳಕಿಂಡಿಗೆ ತಗಡು ಮುಚ್ಚಿತ್ತು. ತಗಡಿನಲ್ಲಿ ಒಂದು ಮೊಳೆಯ ತೂತು. ಅದರಿಂದ ಎದುರು ಗೋಡೆಯ ಮೇಲೆ ದಿನವೂ ಒಂದು ರೂಪಾಯಿಯಷ್ಟು ಬೆಳಕು ಬೀಳುತ್ತಿತ್ತು. ಅಂದು ಆ ರೂಪಾಯಿಯ ಅಂಚನ್ನು ಯಾರೋ ಕಚ್ಚಿದಂತಿತ್ತು. ನೋಡನೋಡುತ್ತ ಅರ್ಧವಾಯಿತು, ಕುಡುಗೋಲಾಯಿತು, ಉಗುರಾಯಿತು. ಮೂರೂವರೆ ದಾಟಿದ ಮೇಲೆ ಇಲ್ಲವೇ ಆಯಿತು. ಓಣಿಯಲ್ಲಿ ಕೋಳಿ ಕೂಡ ಉಸಿರೆತ್ತಲಿಲ್ಲ. ಸುಮಾರು ಎರಡೂವರೆ ನಿಮಿಷ ಬಿಟ್ಟು ಅದೇ ಗೋಡೆಯ ಮೇಲೆ ಆಚೆ ಬದಿಯಿಂದ ಉಗುರು ಮತ್ತೆ ಹುಟ್ಟಿತು. ಅಜ್ಜಿ ಕಣ್ಣು ಮುಚ್ಚಿಕೊಂಡು ಜಪ ಮಾಡುತ್ತಿದ್ದಳು. ನಾನು ಹೇಳಲಿಲ್ಲ.

ಬಹಳ ವರ್ಷಗಳ ನಂತರ ತಿಳಿಯಿತು, ನಾನು ನೋಡಿದ್ದು ಗ್ರಹಣ ನೋಡುವ ಅತ್ಯಂತ ಸುರಕ್ಷಿತ ವಿಧಾನ ಎಂದು. ಸೂಜಿರಂಧ್ರದ ಬಿಂಬ. ಕಣ್ಣಿಗೆ ಅಪಾಯವಿರುವುದು ಸೂರ್ಯನನ್ನು ನೇರವಾಗಿ ನೋಡುವುದರಲ್ಲಿ, ಅದಕ್ಕೆ ಗ್ರಹಣವೇ ಆಗಬೇಕಿಲ್ಲ. 2019ರ ಡಿಸೆಂಬರ್ 26ರ ಬೆಳಗ್ಗೆ ಮಂಗಳೂರಿನಲ್ಲಿ, ಕೊಡಗಿನ ದಕ್ಷಿಣ ಭಾಗದಲ್ಲಿ ಕಂಕಣ ಗ್ರಹಣ ಕಂಡಾಗ ನಾನು ಮೊಮ್ಮಗಳ ಜೊತೆ ಬಯಲಿನಲ್ಲೇ ಇದ್ದೆ, ಕನ್ನಡಕ ಹಾಕಿಕೊಂಡು. ಕಂಕಣ ಏಕಾಯಿತು? ಚಂದ್ರ ಅಂದು ದೂರದಲ್ಲಿದ್ದ, ತಟ್ಟೆ ಚಿಕ್ಕದಾಗಿತ್ತು, ಸೂರ್ಯನ ಅಂಚು ಬಳೆಯಂತೆ ಉಳಿಯಿತು. ನಮಗೆ ಕಾಣುವ ಮುಂದಿನ ಗ್ರಹಣ ಹತ್ತಿರದಲ್ಲೇ ಇದೆ: ಮಾರ್ಚ್ 3ರ ಹುಣ್ಣಿಮೆ. ಚಂದ್ರ ಅಂದು ಗ್ರಹಣ ಹಿಡಿಸಿಕೊಂಡೇ ಹುಟ್ಟುತ್ತಾನೆ, ಸಂಜೆ 6 ಗಂಟೆ 47 ನಿಮಿಷದ ಹೊತ್ತಿಗೆ ಬಿಡಿಸಿಕೊಳ್ಳುತ್ತಾನೆ. ಪೂರ್ವ ದಿಗಂತಕ್ಕೆ ಮರ, ಕಟ್ಟಡ ಅಡ್ಡ ಇಲ್ಲದ ಜಾಗವನ್ನು ಈಗಲೇ ಹುಡುಕಿಕೊಳ್ಳಿ. ಬರಿಗಣ್ಣಿನಲ್ಲಿ ನೋಡಬಹುದು.

ಈಗ ಹೊರಗೆ ಹೋಗೋಣ. ಅಂಗಳದಲ್ಲಿ ದೂರದರ್ಶಕ ಇಟ್ಟಿದ್ದೇವೆ. ಶುದ್ಧ ಅಷ್ಟಮಿಯನ್ನೇ ಕೇಳಿದ್ದೇಕೆಂದರೆ, ಹುಣ್ಣಿಮೆಯ ಚಂದ್ರ ದೂರದರ್ಶಕದಲ್ಲಿ ಸುಣ್ಣ ಬಳಿದ ಗೋಡೆಯಂತೆ ಚಪ್ಪಟೆಯಾಗಿ ಕಾಣುತ್ತಾನೆ. ಇಂದು ಕೋನ ತೊಂಬತ್ತರ ಸುತ್ತಮುತ್ತ ಇದೆ, ಅರ್ಧಚಂದ್ರ. ಬೆಳಕು ಕತ್ತಲು ಸೇರುವ ಆ ಗೆರೆಯನ್ನು ನೋಡಿ. ಆ ಗೆರೆಯ ಮೇಲೆ ನಿಂತವರಿಗೆ ಈಗ ಸೂರ್ಯೋದಯ. ಬಿಸಿಲು ಅಡ್ಡವಾಗಿ ಬೀಳುವುದರಿಂದ ಪ್ರತಿ ಕುಳಿಯ ಅಂಚೂ ಉದ್ದ ನೆರಳು ಚೆಲ್ಲುತ್ತದೆ. ಚಂದ್ರನ ಒಂದು ಹಗಲು ನಮ್ಮ ಹದಿನಾಲ್ಕು ಮುಕ್ಕಾಲು ದಿನದಷ್ಟು ಉದ್ದ. ಚಂದ್ರಯಾನ-3ರ ವಿಕ್ರಮ್ ಇಳಿದ 2023ರ ಆಗಸ್ಟ್ 23 ಶುಕ್ಲಪಕ್ಷದ ಸಪ್ತಮಿ. ಇಸ್ರೊ ಪಂಚಾಂಗ ನೋಡಿ ದಿನ ಆರಿಸಲಿಲ್ಲ, ಆ ಜಾಗದಲ್ಲಿ ಬೆಳಗಾಗುವುದನ್ನು ನೋಡಿ ಆರಿಸಿತು. ಸೌರಫಲಕಗಳಿಗೆ ಒಂದಿಡೀ ಹಗಲು ಸಿಗಬೇಕಿತ್ತು. ಎರಡೂ ಲೆಕ್ಕ ಒಂದೇ ಕೋನದಿಂದ ಹುಟ್ಟಿದವು. ಸೆಪ್ಟೆಂಬರ್ ಮೊದಲ ವಾರ ಅಲ್ಲಿ ಕತ್ತಲಾಗುವ ಮುನ್ನ ಅದನ್ನು ಮಲಗಿಸಿದರು, ಮತ್ತೆ ಏಳಲಿಲ್ಲ. ದಕ್ಷಿಣದ ಅಂಚಿನ ಹತ್ತಿರ ಇದೆ, ದೂರದರ್ಶಕದಲ್ಲಿ ಕಾಣುವುದಿಲ್ಲ, ಆದರೆ ಅದರ ಮೇಲೆ ಈ ಹೊತ್ತು ಬಿಸಿಲು ಬಿದ್ದಿದೆ. ಅಲ್ಲಿಂದ ಯಾರಾದರೂ ನಮ್ಮನ್ನು ನೋಡಿದರೆ ಭೂಮಿಯೂ ಅರ್ಧವೇ ಕಾಣುತ್ತದೆ.

ಚಂದ್ರ ನಡುರಾತ್ರಿ ದಾಟುವವರೆಗೂ ಇರುತ್ತಾನೆ, ಹದಿನಾರು ಘಳಿಗೆ, ಅವಸರ ಬೇಡ. ಮಕ್ಕಳು ಮೊದಲು. ದೂರದರ್ಶಕದ ಕೊಳವೆಯನ್ನು ಯಾರೂ ಹಿಡಿಯಬೇಡಿ, ಅಲುಗಿದರೆ ಚಂದ್ರ ಓಡಿಹೋಗುತ್ತಾನೆ. ಕಡಲೆಯನ್ನು ಯಾರು ತೆಗೆದುಕೊಂಡಿರೋ ವಾಪಸ್ ಕೊಡಿ, ನಾಳೆ ಇನ್ನೊಂದು ಶಾಲೆಗೆ ಹೋಗಬೇಕು.